ಬಾಲ ಇದೆ ಅನಿಸುವುದು, ಬಾಲ ಇದೆ ಅನ್ನುವುದು

(ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ ಇದು. ಮಾತಿನಲ್ಲಿ ಹಿಂದೆಮುಂದೆ ಆಗಿದ್ದನ್ನು ಸ್ವಲ್ಪ ಸರಿಪಡಿಸಿದ್ದೇನೆ. ಕೊನೆಯ ಪ್ರಶ್ನೋತ್ತರದ ಒಂದು ಭಾಗವನ್ನೂ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಒಳಗಿನಿಂದ ತಾನು ತೋಳ ಅನಿಸುವ, ಪರಿಚಯದ ಒಬ್ಬರ ಮಾತಿನಿಂದ ಶುರು ಮಾಡುತ್ತೇನೆ. ಅವರ ಮುಖವನ್ನು ನಾನು ನೋಡಿಲ್ಲ. ನಮ್ಮದು ಬರೀ ಬರಹದ ಸ್ನೇಹ. ಒಮ್ಮೆ ಅವರು ಹೀಗೆ ಬರೆದಿದ್ದರು: "ಕುರ್ಚಿಯಲ್ಲಿ ಕೂರುವ ಮೊದಲು ನಾನು ಒಂದು ಕ್ಷಣ ತಡೆಯುತ್ತೇನೆ. ಬಾಲವನ್ನು ಪಕ್ಕಕ್ಕೆ ಸರಿಸಿಕೊಳ್ಳಬೇಕಲ್ಲ. ಬಾಲ ಇಲ್ಲ ಅಂತ ನನಗೆ ಚೆನ್ನಾಗಿ ಗೊತ್ತು. ಆದರೂ ಸೊಂಟ ತಾನಾಗಿಯೇ ಓರೆಯಾಗುತ್ತದೆ."

ಇದನ್ನು ಓದಿ ನಾನು ಕೇಳಿದ ಮೊದಲ ಪ್ರಶ್ನೆ, "ಹಾಗಾದರೆ ನೀವು ಹಿಂದಿನ ಜನ್ಮದಲ್ಲಿ ತೋಳ ಆಗಿದ್ದಿರಿ ಅಂತ ನಂಬುತ್ತೀರಾ?"

ಎರಡು ವಾರ ಉತ್ತರ ಬರಲಿಲ್ಲ. ಆಮೇಲೆ ಬಂದದ್ದು ಇಷ್ಟೇ: "ನಾನು ಹೇಳಿದ್ದು ಕುರ್ಚಿಯ ವಿಷಯ. ನೀವು ಕೇಳಿದ್ದು ಬೇರೆ."

ಆ ಎರಡು ಸಾಲು ನನ್ನನ್ನು ಬಹಳ ದಿನ ಕಾಡಿತು. ಇವತ್ತು ಹೇಳಬೇಕೆಂದುಕೊಂಡಿರುವ ಮಾತೆಲ್ಲ ಅಲ್ಲಿಂದಲೇ ಹುಟ್ಟಿದ್ದು. ತನಗೆ ಆಗುವುದನ್ನು ಹೇಳಿಕೊಳ್ಳುವುದು ಒಂದು. ಅದು ಯಾಕೆ ಆಗುತ್ತದೆ ಅಂತ ವಿವರಿಸುವುದು ಇನ್ನೊಂದು. ಇವೆರಡನ್ನು ಒಂದೇ ಅಂದುಕೊಂಡಾಗಲೆಲ್ಲ ಇವರ ನಡುವೆ ಜಗಳ ಹುಟ್ಟಿದೆ. ಮೂವತ್ತು ವರ್ಷದಿಂದ ಹುಟ್ಟುತ್ತಲೇ ಇದೆ.

ಇವರು ಅಂದರೆ ಯಾರು ಅಂತ ಮೊದಲು ಹೇಳಿಬಿಡುತ್ತೇನೆ. ಮನುಷ್ಯರ ಮೈಯಲ್ಲಿ ಹುಟ್ಟಿದ್ದರೂ ಒಳಗಿನಿಂದ ತಾವು ಒಂದು ಪ್ರಾಣಿ ಎಂದು ಅನಿಸುವವರು. ತೋಳ, ಚಿರತೆ, ನರಿ, ಹದ್ದು, ಜಿಂಕೆ, ಕೆಲವರಿಗೆ ಮೀನು ಕೂಡ. ತಮ್ಮನ್ನು ಥೇರಿಯನ್ ಎಂದು ಕರೆದುಕೊಳ್ಳುತ್ತಾರೆ. ಗ್ರೀಕ್ ಭಾಷೆಯಲ್ಲಿ ಥೇರಿಯಾನ್ ಅಂದರೆ ಕಾಡುಪ್ರಾಣಿ. ಯಾವ ಪ್ರಾಣಿಯೋ ಅದು ಅವರ ಥೇರಿಯೋಟೈಪ್. ಆ ಪ್ರಾಣಿಯ ಭಾವ ಜೋರಾಗಿ ಬರುವುದಕ್ಕೆ ಶಿಫ್ಟ್ ಅನ್ನುತ್ತಾರೆ. ಎಲ್ಫ್, ಡ್ರ್ಯಾಗನ್ ಥರದ ಕಲ್ಪನೆಯ ಜೀವಿಗಳೆಂದು ಅನಿಸುವವರು ಅದರ್‌ಕಿನ್. ಆ ಪದ 1990ರಲ್ಲಿ ಹುಟ್ಟಿತು. ಈ ಎರಡು ಗುಂಪುಗಳೂ ನೆಂಟರು. ನೆಂಟರ ನಡುವಿನ ಮುನಿಸೂ ಇದೆ. ಡ್ರ್ಯಾಗನ್ ಅನಿಸುವವನು ಥೇರಿಯನ್ ಹೌದೋ ಅಲ್ಲವೋ? ಭೂಮಿಯ ಮೇಲೆ ನಿಜವಾಗಿ ಬದುಕಿದ ಪ್ರಾಣಿಯೇ ಆಗಬೇಕಾ? ಅಳಿದುಹೋದ ಡೈನೋಸಾರ್ ನಡೆಯುತ್ತದಾ? ಈ ವಾದ ಇನ್ನೂ ಮುಗಿದಿಲ್ಲ. ನನಗೆ ಅದರಲ್ಲಿ ಅಷ್ಟು ಆಸಕ್ತಿಯೂ ಇಲ್ಲ. ಗೆರೆ ಎಲ್ಲಿ ಎಳೆದರೂ ಒಬ್ಬರು ಆಚೆ ಉಳಿಯುತ್ತಾರೆ.

ಇನ್ನೊಂದು ಮಾತು. ಪ್ರಾಣಿಯ ವೇಷ ಹಾಕುವ, ಪ್ರಾಣಿ ಪಾತ್ರಗಳನ್ನು ಬರೆಯುವ ಫರಿಗಳು ಬೇರೆ. ಅವರಲ್ಲಿ ಹೆಚ್ಚಿನವರಿಗೆ ಅದು ಹವ್ಯಾಸ, ಕಲೆ, ಸ್ನೇಹ. ಥೇರಿಯನ್ನರಿಗೆ ಇದು ಹವ್ಯಾಸ ಅಲ್ಲ. ಕೆಲವರು ಎರಡೂ ಆಗಿರುತ್ತಾರೆ. ಹೊರಗಿನವರು ಮಾತ್ರ ಎಲ್ಲರನ್ನೂ ಒಂದೇ ಗೋಣಿಚೀಲಕ್ಕೆ ತುಂಬುತ್ತಾರೆ.

ಈಗ ಹಿಂದಕ್ಕೆ ಹೋಗೋಣ. 1992ರ ಕೊನೆಯಲ್ಲಿ, ಇವತ್ತಿನ ವೆಬ್ ಇನ್ನೂ ಕಣ್ಣು ಬಿಡುತ್ತಿದ್ದಾಗ, ಯೂಸ್‌ನೆಟ್ ಎಂಬ ಆಗಿನ ಚರ್ಚಾ ಜಾಲದಲ್ಲಿ ಒಂದು ಗುಂಪು ಶುರುವಾಯಿತು. ತೋಳಮನುಷ್ಯರ ಕತೆ, ಸಿನಿಮಾ ಇಷ್ಟಪಡುವವರಿಗಾಗಿ ಇದ್ದ ಗುಂಪು ಅದು. ಅಲ್ಲಿಗೆ ಬಂದವರಲ್ಲಿ ಕೆಲವರು ಕತೆಯ ಮಾತು ಬಿಟ್ಟು ತಮ್ಮ ಮಾತು ಹೇಳತೊಡಗಿದರು. ನನಗೆ ಚಿಕ್ಕಂದಿನಿಂದ ಹೀಗೆ ಅನಿಸುತ್ತದೆ, ಯಾರಿಗೂ ಹೇಳಿಲ್ಲ ಅಂತ. ಒಬ್ಬರು ಹೇಳಿದ ಮೇಲೆ ಇನ್ನೊಬ್ಬರು. ಸಿನಿಮಾದ ಬಗ್ಗೆ ಹರಟಲು ಬಂದವರು ಸಿಟ್ಟಾದರು. ಇದೇನು, ನಮ್ಮ ಮನೆಗೆ ಬಂದು ನಮ್ಮನ್ನೇ ಹೊರಗೆ ಹಾಕುತ್ತೀರಾ ಅಂತ. ಅಂದರೆ ಈ ಸಮುದಾಯ ಹುಟ್ಟಿದ್ದೇ ಒಂದು ಜಗಳದ ನಡುವೆ. ಇದನ್ನು ನೆನಪಿಟ್ಟುಕೊಳ್ಳಿ.

1994ರಲ್ಲಿ ಅಮೆರಿಕದ ಓಹಾಯೋದಲ್ಲಿ ಇವರು ಮೊದಲ ಸಲ ಎದುರುಬದುರಾಗಿ ಸೇರಿದರು. ಅಂಥ ಕೂಟಕ್ಕೆ ಹೌಲ್ ಅಂತ ಹೆಸರು, ಅಂದರೆ ತೋಳದ ಊಳು. ಆ ಜಗಳದ ನಡುವೆಯೂ ಅವರು ಒಟ್ಟಿಗೆ ಕೂತು ಮಾತಾಡಿದರಲ್ಲ ಅನ್ನುವುದು ನನಗೆ ತುಂಬಾ ಇಷ್ಟವಾದ ಸಂಗತಿ.

ಆದರೆ ಒಳಗಿನ ಮೊದಲ ದೊಡ್ಡ ಬಿರುಕು ಬೇಗ ಬಂತು. ಅದು ಮೈ ಬದಲಾಗುವ ಮಾತು. ನನ್ನ ಮೈ ನಿಜವಾಗಿ ತೋಳವಾಗುತ್ತದೆ, ಕೂದಲು ಬೆಳೆಯುತ್ತದೆ, ನಾನು ಕಣ್ಣಾರೆ ನೋಡಿದ್ದೇನೆ ಎಂದು ಕೆಲವರು ಹೇಳಿದರು. ಇದಕ್ಕೆ ಪಿ-ಶಿಫ್ಟ್, ಅಂದರೆ ಫಿಸಿಕಲ್ ಶಿಫ್ಟ್ ಅನ್ನುತ್ತಾರೆ. ಹೆಚ್ಚಿನವರು ಇದನ್ನು ಒಪ್ಪಲಿಲ್ಲ. ಮನಸ್ಸು ಬದಲಾಗುತ್ತದೆ, ಇಲ್ಲದ ಬಾಲ ಇದೆ ಅನಿಸುತ್ತದೆ, ಅಷ್ಟೇ, ಮೂಳೆ ಮಾಂಸ ಬದಲಾಗುವುದಿಲ್ಲ ಅಂತ ಖಡಾಖಂಡಿತವಾಗಿ ಹೇಳಿದರು.

ಇಲ್ಲಿ ನಾನು ಯಾವ ಕಡೆ ಅಂತ ಮುಚ್ಚಿಡುವುದಿಲ್ಲ. ಮೈ ಬದಲಾಗುವುದಿಲ್ಲ. ಅದನ್ನು ಸ್ಪಷ್ಟವಾಗಿ ಹೇಳಿದ ಹಳಬರು ದೊಡ್ಡ ಉಪಕಾರ ಮಾಡಿದರು. ಯಾಕೆ ಅಂದರೆ, ನಿನಗೂ ಕಲಿಸುತ್ತೇನೆ, ನನ್ನ ಗುಂಪಿಗೆ ಬಾ, ನಾನು ಹೇಳಿದ್ದನ್ನು ಮಾಡು ಅನ್ನುವವರು ಹುಟ್ಟಿಕೊಂಡರು. ಹದಿನಾಲ್ಕು ಹದಿನೈದು ವರ್ಷದ, ಮನೆಯಲ್ಲಿ ಯಾರೂ ಮಾತು ಕೇಳದ ಮಗುವಿಗೆ ಈ ಮಾತು ಎಷ್ಟು ಸಿಹಿಯಾಗಿ ಕೇಳಿಸಬಹುದು ಯೋಚಿಸಿ. ನಂಬಿಕೆಯ ಹೆಸರಲ್ಲಿ ಒಬ್ಬರ ಮೇಲೆ ಇನ್ನೊಬ್ಬರು ಹಿಡಿತ ಸಾಧಿಸುವಾಗ ಸುಮ್ಮನೆ ಇರಬಾರದು. ಪ್ರಾಣಿಗಳ ಮೇಲೆ ಲೈಂಗಿಕ ದೌರ್ಜನ್ಯ ಮಾಡುವವರು ಈ ಗುರುತನ್ನು ಗುರಾಣಿ ಮಾಡಿಕೊಳ್ಳಲು ಬಂದಾಗಲೂ ಅಷ್ಟೇ. ಅವರನ್ನು ಹೊರಗಿಡಬೇಕು ಅಂತ ವಾದಿಸಿದವರು ಸರಿ. ಅದರಲ್ಲಿ ಎರಡನೇ ಮಾತಿಲ್ಲ.

ಆದರೆ ಈ ಎಚ್ಚರವೇ ಆಮೇಲೆ ಒಂದು ಚಟವಾಯಿತು. ಅದಕ್ಕೆ ಅವರೇ ಇಟ್ಟ ಹೆಸರು ಗ್ರಿಲ್ಲಿಂಗ್. ಕಬ್ಬಿಣದ ಕಂಬಿಯ ಮೇಲೆ ಇಟ್ಟು ಸುಡುವುದು. ಹೊಸಬರು ಬಂದರೆ ಸುಡು. ಬೆಂದು ಉಳಿದರೆ ನಿಜವಾದ ಥೇರಿಯನ್, ಓಡಿಹೋದರೆ ಸುಳ್ಳು.

ಇದು ಹೇಗೆ ನಡೆಯುತ್ತದೆ ಅಂತ ಹತ್ತಿರದಿಂದ ತೋರಿಸುತ್ತೇನೆ. ನಾನು ಓದುತ್ತಿದ್ದ ಒಂದು ಗುಂಪಿಗೆ ಒಬ್ಬ ಹುಡುಗಿ ಬಂದಳು. ನಾಲ್ಕು ಸಾಲು ಬರೆದಳು. ತನಗೆ ತೋಳ ಅನಿಸುತ್ತದೆ, ಸಂಜೆ ಹೊತ್ತು ಜಾಸ್ತಿ, ಹಲ್ಲು ದವಡೆ ಬಿಗಿಯುತ್ತದೆ, ಇದು ಏನು ಅಂತ ಯಾರಾದರೂ ಹೇಳುತ್ತೀರಾ ಅಂತ.

ಉತ್ತರಗಳು ಬಂದವು. "ಯಾವ ತೋಳ? ಉಪಜಾತಿ ಹೇಳು." "ತೋಳವೇ ಅಂತ ಹೇಗೆ ಗೊತ್ತು? ನಾಯಿ ಯಾಕಲ್ಲ?" "ಇಲ್ಲಿ ಬರುವ ಎಲ್ಲರೂ ತೋಳವೇ. ಯಾರೂ ಇಲಿ ಅಲ್ಲ." "ಯಾವ ಸಿನಿಮಾ ನೋಡಿದೆ?" "ಇದಕ್ಕಿಂತ ಮೊದಲು ಎಷ್ಟು ವರ್ಷ ಯೋಚಿಸಿದ್ದೀಯ?" ಒಂದೊಂದಾಗಿ ತೆಗೆದು ನೋಡಿದರೆ ಒಂದೂ ಕೆಟ್ಟ ಪ್ರಶ್ನೆ ಅಲ್ಲ. ಎಲ್ಲರೂ ಒಟ್ಟಿಗೆ, ಒಂದೇ ಗಂಟೆಯಲ್ಲಿ ಕೇಳಿದಾಗ ಅದು ಪ್ರಶ್ನೆಯಾಗಿ ಉಳಿಯುವುದಿಲ್ಲ, ವಿಚಾರಣೆಯಾಗುತ್ತದೆ. ಹುಡುಗಿ ಮೂರು ಸಲ ಉತ್ತರಿಸಿದಳು. ನಾಲ್ಕನೇ ಸಲ ತಾನು ಬರೆದದ್ದನ್ನೆಲ್ಲ ಅಳಿಸಿದಳು.

ಅವಳು ಹೋಗುವ ಮೊದಲು ಒಬ್ಬರು ಮಾತ್ರ ಬೇರೆ ಥರ ಕೇಳಿದ್ದರು. "ದವಡೆ ಬಿಗಿಯುವಾಗ ಏನು ಮಾಡಬೇಕು ಅನಿಸುತ್ತದೆ? ಹಿಡಿಯಬೇಕು ಅಂತಲೋ, ಜಗಿಯಬೇಕು ಅಂತಲೋ, ಮೂಳೆ ಮುರಿಯಬೇಕು ಅಂತಲೋ?" ಅವರು ಕೇಳಿದ್ದು ಇಷ್ಟೇ.

ಎಂಟು ತಿಂಗಳ ಮೇಲೆ ಆ ಹುಡುಗಿ ಹಿಂದಿರುಗಿದಳು. ತಾನು ತೋಳ ಅಲ್ಲ, ಕತ್ತೆಕಿರುಬ ಅಂತ ಬರೆದಳು. ಮೂಳೆ ಮುರಿಯುವ ಆ ಒಂದು ಪ್ರಶ್ನೆ ಹಿಡಿದುಕೊಂಡು ಓದುತ್ತಾ ಹೋದಳಂತೆ. ಕತ್ತೆಕಿರುಬ ನೋಡಲು ನಾಯಿಯ ಹಾಗಿದ್ದರೂ ವಂಶದಲ್ಲಿ ಬೆಕ್ಕು, ಮುಂಗುಸಿಗಳ ಕಡೆಯದು ಅಂತ ಗೊತ್ತಾದಾಗ ತನಗೆ ಯಾಕೋ ಅಳು ಬಂತು ಅಂತಲೂ ಬರೆದಿದ್ದಳು. ಅವಳನ್ನು ಸುಟ್ಟವರು ಹಿಗ್ಗಿದರು. ನೋಡಿ, ನಾವು ಕೇಳಿದ್ದರಿಂದಲೇ ಇವಳಿಗೆ ಸರಿಯಾದ ಉತ್ತರ ಸಿಕ್ಕಿತು ಅಂತ. ನನಗೆ ಹಾಗೆ ಅನಿಸಲಿಲ್ಲ. ಅವಳಿಗೆ ದಾರಿ ತೋರಿಸಿದ್ದು ಒಂದು ಪ್ರಶ್ನೆ. ಉಳಿದವು ಅವಳ ಎಂಟು ತಿಂಗಳು ತಿಂದವು.

ಆ ಒಂದು ಪ್ರಶ್ನೆಯ ವಿಶೇಷ ಏನು ಅಂದರೆ, ಅದು ಅವಳಿಗೆ ಆಗುತ್ತಿದ್ದದ್ದನ್ನು ಹಾಗೇ ಒಪ್ಪಿಕೊಂಡಿತು. ಇನ್ನೂ ಹತ್ತಿರದಿಂದ ನೋಡು ಅಂದಿತು. ಉಳಿದವು ಅವಳ ವಿವರಣೆಯನ್ನು ಒರೆಗೆ ಹಚ್ಚಿದವು. ಅವಳಿಗೆ ಕೇಳಿಸಿದ್ದು ಮಾತ್ರ ನಿನಗೆ ಏನೂ ಆಗುತ್ತಿಲ್ಲ ಅಂತ.

ಇಷ್ಟು ಒರಟಾಗಿ ಸುಡುವವರಾದರೂ ಯಾರು? ಹೆಚ್ಚಿನ ಸಲ ತಾವೇ ಹಿಂದೆ ಹಾಗೆ ಸುಡಿಸಿಕೊಂಡವರು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತೇವಲ್ಲ, ಹಾಗೆ. ಇದರ ಹಿಂದೆ ಕೆಟ್ಟತನಕ್ಕಿಂತ ಭಯ ಜಾಸ್ತಿ ಇದೆ. ಹೊರಗಿನವರು ನಗುತ್ತಾರೆ ಅನ್ನುವ ಭಯ. ಒಬ್ಬ ಹೊಸಬ ಬಂದು ಹುಣ್ಣಿಮೆ ರಾತ್ರಿ ನನ್ನ ಕಣ್ಣು ಹಳದಿಯಾಗುತ್ತದೆ ಅಂದರೆ, ಆ ಸಾಲನ್ನೇ ಎತ್ತಿಕೊಂಡು ಸಾವಿರ ಜನ ನಗುತ್ತಾರೆ. ಆ ನಗು ಕುರ್ಚಿಯ ಮುಂದೆ ಒಂದು ಕ್ಷಣ ತಡೆಯುವ ನನ್ನ ಪರಿಚಯದವರ ಮೇಲೂ ಬೀಳುತ್ತದೆ. ಹೀಗಾಗಿ ತಾವು ಗಂಭೀರ ಜನ ಅಂತ ತೋರಿಸಿಕೊಳ್ಳಲು ಹಗುರ ಮಾತಿನವರನ್ನು ಮೊದಲು ತಾವೇ ಹೊರಗೆ ಹಾಕುತ್ತಾರೆ. ಅಂಥ ಹಗುರ ಮಾತಿಗೆ ಫ್ಲಫ್ ಅಂತ ಹೆಸರು. ಅಂದರೆ ಹತ್ತಿಯ ಹಾಗೆ ಹಾರುವ, ತೂಕ ಇಲ್ಲದ ಮಾತು. ಡೆವಿನ್ ಪ್ರಾಕ್ಟರ್ ಎಂಬ ಮಾನವಶಾಸ್ತ್ರಜ್ಞ ಫೇಸ್‌ಬುಕ್‌ನ ಅದರ್‌ಕಿನ್ ಗುಂಪುಗಳಲ್ಲಿ ಇದನ್ನೇ ಅಧ್ಯಯನ ಮಾಡಿ 2018ರಲ್ಲಿ ಬರೆದರು. ಅಲ್ಲಿನವರು ಫ್ಲಫ್ ಅನ್ನು ತಡೆಯಲು ವಿಜ್ಞಾನದ ಮಾತನ್ನು ಬಳಸುತ್ತಾರೆ, ತಮ್ಮನ್ನು ತಾವು ವಿವರಿಸಿಕೊಳ್ಳುವುದೂ ವಿಜ್ಞಾನದ ಧಾಟಿಯಲ್ಲೇ ಅಂತ ಅವರು ತೋರಿಸಿಕೊಟ್ಟರು.

ಇಲ್ಲಿಂದ ನಾವು ದೊಡ್ಡ ಜಗಳಕ್ಕೆ ಬರುತ್ತೇವೆ. ಆತ್ಮವೋ, ಮನಸ್ಸೋ?

ಒಂದು ಕಡೆಯವರು ಹೇಳುವುದು: ನನ್ನ ಆತ್ಮ ತೋಳದ್ದು. ಹಿಂದಿನ ಜನ್ಮದಿಂದ ಬಂದದ್ದು, ಅಥವಾ ತಪ್ಪು ಮೈಗೆ ಸೇರಿಕೊಂಡದ್ದು. ಇನ್ನೊಂದು ಕಡೆಯವರು: ಆತ್ಮಗೀತ್ಮ ಬೇಡ. ನನ್ನ ಮಿದುಳು ಹೀಗೆ ಕಟ್ಟಿಕೊಂಡಿದೆ. ಕೈ ಕತ್ತರಿಸಿದವರಿಗೆ ಇಲ್ಲದ ಕೈ ನೋಯುವ ಹಾಗೆ ನನಗೆ ಇಲ್ಲದ ಬಾಲ ಇದೆ ಅನಿಸುತ್ತದೆ. ಇಲ್ಲದ ಅಂಗದ ಈ ಅನುಭವಕ್ಕೆ ಫ್ಯಾಂಟಮ್ ಲಿಂಬ್ ಅಂತ 1871ರಲ್ಲಿ ಹೆಸರಿಟ್ಟವರು ಸೈಲಾಸ್ ವೇರ್ ಮಿಚೆಲ್ ಎಂಬ ಅಮೆರಿಕದ ವೈದ್ಯರು. ಅಂತರ್ಯುದ್ಧದಲ್ಲಿ ಕೈಕಾಲು ಕಳೆದುಕೊಂಡ ಸೈನಿಕರನ್ನು ನೋಡಿಕೊಂಡವರು ಅವರು. ಥೇರಿಯನ್ನರು ಆ ಪದವನ್ನು ಎರವಲು ಪಡೆದರು. ಒಂದು ವ್ಯತ್ಯಾಸ ಮಾತ್ರ ದೊಡ್ಡದು. ಸೈನಿಕನಿಗೆ ಒಂದು ಕಾಲದಲ್ಲಿ ಕೈ ಇತ್ತು. ಇವರಿಗೆ ಬಾಲ ಎಂದೂ ಇರಲಿಲ್ಲ.

ಶುರುವಿನ ದಿನಗಳಲ್ಲಿ ಆತ್ಮದ ಮಾತು ಸಹಜವಾಗಿತ್ತು. ಆಮೇಲೆ ನಿಧಾನವಾಗಿ ಗಾಳಿ ತಿರುಗಿತು. ಅನೇಕ ಗುಂಪುಗಳಲ್ಲಿ ಆತ್ಮ ಅಂದವನನ್ನು ಸ್ವಲ್ಪ ಕೆಳಗೆ ನೋಡುವುದು ಶುರುವಾಯಿತು. ಮನಸ್ಸು, ಮಿದುಳು ಅಂದರೆ ಗೌರವ. ಆತ್ಮ ಅಂದರೆ ಫ್ಲಫ್. ಇದು ನನಗೆ ನೋವು ಕೊಡುವ ಸಂಗತಿ. ಯಾಕೆ ಅಂದರೆ ಮಿದುಳಿನ ವಿವರಣೆಗೂ ಅವರ ಹತ್ತಿರ ಪುರಾವೆ ಇರಲಿಲ್ಲ. ಯಾರೂ ಸ್ಕ್ಯಾನ್ ಮಾಡಿಸಿಕೊಂಡು ಬಂದು ಹೇಳುತ್ತಿರಲಿಲ್ಲ. ಅದೂ ಒಂದು ಊಹೆ. ಬಿಳಿ ಕೋಟು ಹಾಕಿಕೊಂಡಿತ್ತು ಅಷ್ಟೇ.

ಹಾಗಂತ ಆತ್ಮದ ಕಡೆಯವರು ಮೆತ್ತಗಿದ್ದರು ಅಂತಲೂ ಅಲ್ಲ. ನಿನಗೆ ಇದು ಬರೀ ಮಿದುಳಿನ ಆಟವಾದರೆ ನೀನು ನಿಜವಾದ ಪ್ರಾಣಿಯೇ ಅಲ್ಲ ಅಂತ ಅವರೂ ಹೇಳಿದ್ದಾರೆ. ಇಬ್ಬರಿಗೂ ಕುರ್ಚಿಯ ಮುಂದೆ ಆಗುವುದು ಒಂದೇ. ಇಬ್ಬರೂ ಬಾಲ ಸರಿಸಿಕೊಂಡೇ ಕೂರುತ್ತಾರೆ. ಕೂತ ಮೇಲೆ ಜಗಳ ಆಡುತ್ತಾರೆ.

ಇನ್ನೊಂದು ಜಗಳ ತೋಳಗಳ ಬಗ್ಗೆಯೇ. ಇದರಲ್ಲಿ ನನಗೆ ವಿಶೇಷ ಆಸಕ್ತಿ, ಯಾಕೆ ಅಂದರೆ ಇಲ್ಲಿ ಒಂದು ಉತ್ತರ ಸಿಕ್ಕಿತು. ಅಪರೂಪಕ್ಕೆ. ತೋಳ ಅನಿಸುವವರು ಜಾಸ್ತಿ ಇದ್ದುದರಿಂದ ಗುಂಪುಗಳು ತಮ್ಮನ್ನು ಪ್ಯಾಕ್, ಅಂದರೆ ತೋಳದ ಹಿಂಡು ಅಂತ ಕರೆದುಕೊಂಡವು. ಪ್ಯಾಕ್ ಅಂದ ಮೇಲೆ ಒಬ್ಬ ಆಲ್ಫಾ ಬೇಕು. ಅವನ ಮಾತೇ ಕೊನೆ. ಕೆಳಗಿನವರಿಗೆ ಒಮೇಗಾ ಅಂತ ಹೆಸರು, ಅವರನ್ನು ಬೈಯಬಹುದು. ಪ್ರಶ್ನಿಸಿದರೆ ತೋಳಗಳು ಹೀಗೇ ಇರುತ್ತವೆ ಅನ್ನುವ ಉತ್ತರ ಸಿದ್ಧ.

ತೋಳಗಳು ಹಾಗಿರುವುದಿಲ್ಲ. ಈ ಆಲ್ಫಾ ಕತೆ ಬಂದದ್ದು ರುಡಾಲ್ಫ್ ಶೆಂಕೆಲ್ ಎಂಬ ಸ್ವಿಟ್ಜರ್ಲೆಂಡಿನ ವಿಜ್ಞಾನಿ 1947ರಲ್ಲಿ ಪ್ರಕಟಿಸಿದ ಅಧ್ಯಯನದಿಂದ. ಅವರು ನೋಡಿದ್ದು ಬಾಸೆಲ್ ಮೃಗಾಲಯದಲ್ಲಿ ಕೂಡಿಹಾಕಿದ್ದ ತೋಳಗಳನ್ನು. ಅಮೆರಿಕದ ತೋಳ ತಜ್ಞ ಎಲ್. ಡೇವಿಡ್ ಮೀಚ್ ತಮ್ಮ 1970ರ ಪುಸ್ತಕದಲ್ಲಿ ಆ ಮಾತನ್ನು ಎತ್ತಿಕೊಂಡರು, ಅದು ಎಲ್ಲ ಕಡೆ ಹರಡಿತು. ಆಮೇಲೆ ಅದೇ ಮೀಚ್ ಕೆನಡಾದ ಉತ್ತರ ತುದಿಯ ಎಲ್ಸ್‌ಮಿಯರ್ ದ್ವೀಪದಲ್ಲಿ ಕಾಡಿನ ತೋಳಗಳ ಜೊತೆ ಬೇಸಿಗೆಯ ಮೇಲೆ ಬೇಸಿಗೆ ಕಳೆದರು. ಅಲ್ಲಿ ಕಂಡದ್ದು ಬೇರೆ. ಕಾಡಿನ ಪ್ಯಾಕ್ ಅಂದರೆ ಹೆಚ್ಚಾಗಿ ಒಂದು ಸಂಸಾರ. ಅಪ್ಪ, ಅಮ್ಮ, ಈ ವರ್ಷದ ಮರಿ, ಹಿಂದಿನ ವರ್ಷದ ಮರಿ. ಮುಂದೆ ನಡೆಯುವುದು ಹೊಡೆದಾಡಿ ಗೆದ್ದವನಲ್ಲ, ಹೆತ್ತವರು. 1999ರಲ್ಲಿ ಅವರು ಇದನ್ನು ಬರೆದರು. ತಮ್ಮ ಹಳೆಯ ಮಾತನ್ನು ತಾವೇ ತಿದ್ದಿಕೊಂಡರು.

ಈ ಸುದ್ದಿ ಥೇರಿಯನ್ ಗುಂಪುಗಳಿಗೆ ತಲುಪಿದಾಗ ಎಷ್ಟೋ ಜನರಿಗೆ ಬಿಡುಗಡೆಯಾದಂತಾಯಿತು. ಯಜಮಾನಿಕೆ ಮಾಡುವವನಿಗೆ ಈಗ ತೋಳದ ಮರೆ ಇಲ್ಲ. ನೀನು ಬೈಯುವುದು ನೀನು ತೋಳ ಆದದ್ದಕ್ಕಲ್ಲ ಅಂತ ಹೇಳಬಹುದು. ವಿವರಣೆಯನ್ನು ಪ್ರಶ್ನಿಸಬೇಕು ಅಂತ ನಾನು ಹೇಳುವುದು ಇದಕ್ಕೇ. ಯಾರ ಒಳಗಿನ ತೋಳವನ್ನೂ ಕಸಿದುಕೊಳ್ಳದೆ ಒಂದು ಸುಳ್ಳನ್ನು ಕೆಳಗಿಳಿಸಿದರು.

ಪದಗಳ ಜಗಳವೂ ಇದೆ. ತಮ್ಮ ಪ್ರಾಣಿಗೆ ಟೋಟೆಮ್ ಅನ್ನುವ ಪದವನ್ನು ಬಹಳ ಜನ ಸುಮ್ನೆ ಬಳಸುತ್ತಿದ್ದರು. ಅದು ಉತ್ತರ ಅಮೆರಿಕದ ಒಜಿಬ್ವೆ ಜನರ ಭಾಷೆಯಿಂದ ಬಂದದ್ದು. ಅವರಲ್ಲಿ ಅದು ಕುಲದ ಮಾತು, ನೆಂಟಸ್ತಿಕೆಯ ಮಾತು. ಪ್ರಾಣಿಯ ರೂಪ ತಾಳುವ ಕೆಟ್ಟ ಮಾಟಗಾರ ಅನ್ನುವ ಅರ್ಥದ, ಅಲ್ಲಿನದೇ ನವಾಹೋ ಜನರ ಸ್ಕಿನ್‌ವಾಕರ್ ಅಂತೂ ಅವರು ಬಾಯಲ್ಲಿ ಹೇಳಲೂ ಹಿಂಜರಿಯುವ ಪದ. ಅದನ್ನು ಎತ್ತಿಕೊಂಡು ತನ್ನ ಹೆಸರಿನ ಪಕ್ಕ ಹಾಕಿಕೊಳ್ಳಬೇಡಿ ಅಂದವರ ಮಾತು ನ್ಯಾಯವಾದದ್ದು. ಇದಕ್ಕಿಂತ ಜಾಸ್ತಿ ಇದರ ಬಗ್ಗೆ ಹೇಳಬೇಕಿಲ್ಲ.

ಆಮೇಲೆ ಟಂಬ್ಲರ್ ಎಂಬ ಬ್ಲಾಗ್ ತಾಣದ ಕಾಲ ಬಂತು. ಅದರ್‌ಕಿನ್ ಪದದ ಕಿನ್ ಅನ್ನುವುದು ಕ್ರಿಯಾಪದವಾಯಿತು. ನಾನು ಈ ಪಾತ್ರವನ್ನು ಕಿನ್ ಮಾಡುತ್ತೇನೆ ಅಂದರೆ ಅದು ನನಗೆ ಇಷ್ಟ, ನನ್ನ ಹಾಗಿದೆ ಅಂತ ಅರ್ಥ. ಹತ್ತು ಹದಿನೈದು ವರ್ಷ ಬೈಗುಳ ತಿಂದು ಆ ಪದವನ್ನು ಉಳಿಸಿಕೊಂಡಿದ್ದ ಹಳಬರಿಗೆ ಇದು ಮುಖಕ್ಕೆ ಹೊಡೆದಂತಾಯಿತು. ನಾವು ಆರಿಸಿಕೊಂಡದ್ದಲ್ಲ, ನೀವು ಆಟಕ್ಕೆ ಆಡುತ್ತೀರಿ ಅಂತ ಸಿಟ್ಟಾದರು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಆ ಜಗಳದಿಂದಲೇ ಒಂದು ಒಳ್ಳೆಯ ಕೆಲಸವೂ ಆಯಿತು. ಬೇಕೆಂದೇ, ತಿಳಿದೇ, ಬದುಕಲು ಆಸರೆಯಾಗಿ ಒಂದು ಪ್ರಾಣಿಯ ಗುರುತನ್ನು ಕಟ್ಟಿಕೊಂಡವರಿಗೆ ಕೋಪಿಂಗ್‌ಲಿಂಕ್ ಅಂತ ಬೇರೆ ಪದ ಹುಟ್ಟಿತು. ಎಲ್ಲರನ್ನೂ ಒಟ್ಟಿಗೆ ಹೇಳಲು 2014ರಲ್ಲಿ ಆಲ್ಟರ್‌ಹ್ಯೂಮನ್ ಅನ್ನುವ ಪದ ಬಂತು. ಇನ್ನೊಂದು ಕೋಣೆ ಕಟ್ಟಿದರೆ ಹೊರಗೆ ಹಾಕುವುದು ತಪ್ಪುತ್ತದೆ ಅಂತ ಯಾರಿಗೋ ಹೊಳೆದಿತ್ತು.

ಈಗ ನನಗೆ ಎಲ್ಲಕ್ಕಿಂತ ಕಷ್ಟವಾದ ಜಾಗಕ್ಕೆ ಬರುತ್ತೇನೆ. ಕಾಯಿಲೆಯ ಮಾತು.

ಕ್ಲಿನಿಕಲ್ ಲೈಕಾಂತ್ರಪಿ ಅಂತ ಒಂದು ಸ್ಥಿತಿ ಇದೆ. ತಾನು ಪ್ರಾಣಿಯಾಗಿ ಬದಲಾಗಿದ್ದೇನೆ ಅಥವಾ ಬದಲಾಗುತ್ತಿದ್ದೇನೆ ಎಂಬ ಭ್ರಮೆ. ಬಹಳ ಅಪರೂಪ. ಯಾನ್ ಡಿರ್ಕ್ ಬ್ಲಾಮ್ ಎಂಬ ಡಚ್ ಮನೋವೈದ್ಯರು 1850ರಿಂದ ಈಚೆಗಿನ ವೈದ್ಯಕೀಯ ಬರಹಗಳನ್ನೆಲ್ಲ ಹುಡುಕಿ 2014ರಲ್ಲಿ ಬರೆದರು. ಯಾವುದಾದರೂ ಪ್ರಾಣಿಯಾದೆ ಎನ್ನುವ ಭ್ರಮೆಯ 56 ಪ್ರಕರಣ ಸಿಕ್ಕವು. ಅದರಲ್ಲಿ ತೋಳವಾದೆ ಅನ್ನುವ, ನಿಜವಾದ ಲೈಕಾಂತ್ರಪಿ ಅನ್ನಬಹುದಾದವು 13. ಥೇರಿಯನ್ನರು ಇದಲ್ಲ. ಕುರ್ಚಿಯ ಮುಂದೆ ನಿಂತವರ ಮಾತು ನೆನಪಿಸಿಕೊಳ್ಳಿ: ಬಾಲ ಇಲ್ಲ ಅಂತ ನನಗೆ ಚೆನ್ನಾಗಿ ಗೊತ್ತು. ಭ್ರಮೆಯ ಹಿಡಿತದಲ್ಲಿ ಇರುವಾಗ ಈ ಸಾಲು ಹೇಳಲು ಸಾಮಾನ್ಯವಾಗಿ ಆಗುವುದಿಲ್ಲ. ಇಂಗ್ಲೆಂಡಿನ ನಾರ್ಥಾಂಪ್ಟನ್ ವಿಶ್ವವಿದ್ಯಾಲಯದ ಹೆಲೆನ್ ಕ್ಲೆಗ್ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಅಧ್ಯಯನವೂ ಇಲ್ಲಿ ಮುಖ್ಯ. ಥೇರಿಯನ್ನರಲ್ಲಿ ಆಟಿಸಂನ ಲಕ್ಷಣಗಳು ಜಾಸ್ತಿ ಕಂಡರೂ ಒಟ್ಟಾರೆ ಅವರು ಬದುಕನ್ನು ನಿಭಾಯಿಸುವವರೇ ಅಂತ ಅದು ಹೇಳಿತು.

ಈ ಮಾತನ್ನು ಥೇರಿಯನ್ನರು ಎದೆಗೆ ಅವಚಿಕೊಂಡರು. ನಾವು ಹುಚ್ಚರಲ್ಲ ಅಂತ. ಸರಿ. ಆದರೆ ಇದರಿಂದ ಇನ್ನೊಬ್ಬರಿಗೆ ಏನಾಯಿತು ಅಂತ ನೋಡಿ. ನಿಜವಾಗಿಯೇ ಭ್ರಮೆ ಇರುವವರು, ಸ್ಕಿಜೋಫ್ರೇನಿಯಾ ಇರುವವರು ಕೂಡ ಆ ಗುಂಪುಗಳಿಗೆ ಬರುತ್ತಾರೆ. ಅವರಿಗೆ ಬೇರೆ ಜಾಗ ಎಲ್ಲಿದೆ? ಬಂದಾಗ ಎರಡು ಥರದ ಉತ್ತರ ಸಿಗುತ್ತದೆ. ಒಬ್ಬರು ಹೌದು ಹೌದು, ನೀನು ಬದಲಾಗುತ್ತೀಯ, ಔಷಧಿ ಬಿಡು ಅನ್ನುತ್ತಾರೆ. ಇನ್ನೊಬ್ಬರು ನಿನ್ನಿಂದ ನಮಗೆ ಕೆಟ್ಟ ಹೆಸರು, ಹೊರಡು ಅನ್ನುತ್ತಾರೆ. ಎರಡೂ ಮಾತು ಆ ಮನುಷ್ಯನನ್ನು ಬೀದಿಗೆ ತಳ್ಳುತ್ತವೆ. ಮೊದಲನೆಯದು ನಿಧಾನವಾಗಿ, ಎರಡನೆಯದು ಕೂಡಲೇ.

ಇತ್ತೀಚೆಗೆ ತಮಗೆ ಭ್ರಮೆ ಇದೆ ಅಂತ ಒಪ್ಪಿಕೊಂಡು, ಚಿಕಿತ್ಸೆಯನ್ನೂ ತೆಗೆದುಕೊಳ್ಳುತ್ತಾ, ನಮಗೂ ಇಲ್ಲಿ ಜಾಗ ಕೊಡಿ ಅಂತ ಕೇಳುವವರು ಮುಂದೆ ಬಂದಿದ್ದಾರೆ. ಅವರಿಂದ ಹೊಸ ವಾದ ಎದ್ದಿದೆ. ಜಾಗ ಕೊಡಬೇಕು ಅಂತ ನನ್ನ ಅಭಿಪ್ರಾಯ. ನಿನಗೆ ಆಗುತ್ತಿರುವುದು ನಿನಗೆ ನಿಜ, ಅದು ತುಂಬಾ ಹೆದರಿಸುತ್ತಿರಬೇಕು, ಜೊತೆಗೆ ಇರುತ್ತೇವೆ, ವೈದ್ಯರನ್ನು ಬಿಡಬೇಡ ಅಂತ ಹೇಳಬಹುದಲ್ವಾ? ಇದರಲ್ಲಿ ಸುಳ್ಳೂ ಇಲ್ಲ, ತಿರಸ್ಕಾರವೂ ಇಲ್ಲ. ಇಂಥ ಮಾತು ಹೇಳಿದವರನ್ನು ನಾನು ಕಂಡಿದ್ದೇನೆ. ಜಾಸ್ತಿ ಜನ ಅಲ್ಲ.

ಕೊನೆಯದಾಗಿ ಮುಖವಾಡದ ಮಕ್ಕಳು. 2020ರ ನಂತರ ಟಿಕ್‌ಟಾಕ್‌ನಲ್ಲಿ ಕೈಯಿಂದ ಮಾಡಿದ ಮುಖವಾಡ, ದಾರದ ಬಾಲ ಹಾಕಿಕೊಂಡು ನಾಲ್ಕು ಕಾಲಲ್ಲಿ ಓಡುವ, ಜಿಗಿಯುವ ಮಕ್ಕಳು ತುಂಬಿಕೊಂಡರು. ಇದಕ್ಕೆ ಕ್ವಾಡ್ರೋಬಿಕ್ಸ್ ಅಂತಾರೆ. ಇದು ಒಂದು ವ್ಯಾಯಾಮ. ಜಪಾನಿನ ಕೆನಿಚಿ ಇಟೊ 2015ರಲ್ಲಿ ಕೈಕಾಲು ಊರಿಕೊಂಡು 100 ಮೀಟರನ್ನು 15.71 ಸೆಕೆಂಡಿನಲ್ಲಿ ಓಡಿದ್ದರು, ಆಗ ಅದು ಗಿನ್ನೆಸ್ ದಾಖಲೆಯಾಗಿತ್ತು. ಥೇರಿಯನ್ ಅಲ್ಲದವರೂ ಇದನ್ನು ಮಾಡುತ್ತಾರೆ. ಎಷ್ಟೋ ಥೇರಿಯನ್ನರು ಮಾಡುವುದೇ ಇಲ್ಲ.

ಹಳಬರಿಗೆ ಇದು ನುಂಗಲಾರದ ತುತ್ತು. ನಮ್ಮ ಒಳಗಿನ ಮಾತನ್ನು ವೇಷ ಮಾಡಿದರು ಅಂತ. ಹೊರಗಿನವರಿಗಂತೂ ಇದು ಬೆಂಕಿಗೆ ತುಪ್ಪ. 2021ರ ಕೊನೆಗೆ ಅಮೆರಿಕದ ಮಿಷಿಗನ್ ರಾಜ್ಯದ ಮಿಡ್‌ಲ್ಯಾಂಡಿನಲ್ಲಿ, ಬೆಕ್ಕು ಅಂದುಕೊಳ್ಳುವ ಮಕ್ಕಳಿಗಾಗಿ ಶಾಲೆಯ ಶೌಚಾಲಯದಲ್ಲಿ, ಸಾಕಿದ ಬೆಕ್ಕುಗಳಿಗೆ ಮಲಮೂತ್ರಕ್ಕೆ ಇಡುವಂಥ ಪೆಟ್ಟಿಗೆ ಇಟ್ಟಿದ್ದಾರೆ ಅಂತ ಸಭೆಯೊಂದರಲ್ಲಿ ಒಬ್ಬರು ಹೇಳಿದರು. ಅದು ಸುಳ್ಳು. ಶಾಲೆಗಳ ಮುಖ್ಯಸ್ಥರೇ 2022ರ ಜನವರಿಯಲ್ಲಿ ಇದು ಸುಳ್ಳು ಅಂತ ಬಹಿರಂಗವಾಗಿ ಹೇಳಬೇಕಾಯಿತು. ಆದರೂ ಆ ಸುಳ್ಳು ಊರೂರು ತಿರುಗಿತು. 2024ರಲ್ಲಿ ರಷ್ಯಾದಲ್ಲಿ ಕ್ವಾಡ್ರೋಬಿಕ್ಸ್ ಮಾಡುವ ಮಕ್ಕಳ ಮೇಲೆ ರಾಜಕಾರಣಿಗಳು ಮುಗಿಬಿದ್ದರು, ನಿಷೇಧದ ಮಾತೂ ಬಂತು. ಮುಖವಾಡ ಹಾಕಿಕೊಂಡು ಜಿಗಿಯುವ ಮಕ್ಕಳು ಅವರು. ಅಷ್ಟು ದೊಡ್ಡವರಿಗೆ ಅಷ್ಟು ಚಿಕ್ಕವರ ಮೇಲೆ ಯಾಕೆ ಅಷ್ಟು ಸಿಟ್ಟು?

ಹೊರಗಿನ ಈ ಸಿಟ್ಟು ಒಳಗಿನ ಜಗಳವನ್ನು ಇನ್ನೂ ಕಹಿ ಮಾಡಿತು. ನಿಮ್ಮಿಂದಲೇ ಇದೆಲ್ಲ ಅಂತ ಹಳಬರು ಮಕ್ಕಳಿಗೆ ಹೇಳುತ್ತಾರೆ. ನೀವು ನಮ್ಮನ್ನು ಕಾಯಲಿಲ್ಲ ಅಂತ ಮಕ್ಕಳು. ನಾನು ಇಲ್ಲಿ ಮಕ್ಕಳ ಕಡೆ. ಯೂಸ್‌ನೆಟ್‌ನ ಆ ಗುಂಪಿನಲ್ಲಿ ಸಿನಿಮಾ ಹರಟೆಯವರ ನಡುವೆ ನುಗ್ಗಿ ನನಗೆ ಹೀಗೆ ಅನಿಸುತ್ತದೆ ಅಂದವರೂ ಅವತ್ತು ಹೊಸಬರೇ, ಗದ್ದಲದವರೇ.

ಮಾತು ಮುಗಿದ ಮೇಲೆ ಕೆಲವು ಪ್ರಶ್ನೆ ಬಂದವು. ಒಂದನ್ನು ಬರೆಯುತ್ತೇನೆ.

ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ತಾಯಿ ಎದ್ದು ನಿಂತರು. "ನನ್ನ ಮಗಳಿಗೆ ಹನ್ನೆರಡು ವರ್ಷ. ಮುಖವಾಡ ಮಾಡಿಕೊಂಡಿದ್ದಾಳೆ. ನಾಲ್ಕು ಕಾಲಲ್ಲಿ ಓಡುತ್ತಾಳೆ. ನಾನು ಏನು ಮಾಡಲಿ?"

ಹುಲ್ಲಿನ ಮೇಲೆ ಓಡಲಿ, ಸಿಮೆಂಟಿನ ಮೇಲೆ ಬೇಡ, ಮಣಿಕಟ್ಟಿಗೆ ಪೆಟ್ಟಾಗುತ್ತದೆ ಅಂದೆ. ಕೈಗವಸು ಕೊಡಿಸಿ ಅಂದೆ. ಅವಳಿಗೆ ಗುಟ್ಟಾಗಿ ಸಂದೇಶ ಕಳಿಸುವ ದೊಡ್ಡವರು ಯಾರಾದರೂ ಇದ್ದಾರಾ ಅಂತ ನೋಡಿಕೊಳ್ಳಿ, ಅದನ್ನು ಬೈಯದೆ ಕೇಳಿ ಅಂದೆ. ಅವಳು ಥೇರಿಯನ್ ಹೌದೋ ಅಲ್ಲವೋ ಅಂತ ನೀವು ತೀರ್ಮಾನ ಮಾಡಬೇಕಿಲ್ಲ, ಅವಳಿಗೂ ಅವಸರ ಇಲ್ಲ. ಆಮೇಲೆ ಕೇಳಿದೆ, "ಅವಳು ಯಾವ ಪ್ರಾಣಿ ಅಂತ ಹೇಳಿದ್ದಾಳಾ?"

"ನರಿ," ಅಂದರು. ಕೂತರು. ಒಂದು ನಿಮಿಷ ಬಿಟ್ಟು ಮತ್ತೆ ಎದ್ದರು.

"ಕೆಂಪು ನರಿ ಅಲ್ಲ. ಬೂದು ನರಿ. ಅದು ಮರ ಹತ್ತುತ್ತದಂತೆ. ನಿನ್ನೆ ರಾತ್ರಿ ಒಂದು ಗಂಟೆ ಕೂತು ನನಗೆ ಹೇಳಿದಳು."